ತಖಿ ಎಂಬ ಎರಡಕ್ಷರ

ಮಂಗೋಲಿಯಾದ ನೈಋತ್ಯದಲ್ಲಿ, ಚೀನಾದ ಗಡಿಗೆ ತಾಗಿಕೊಂಡಿರುವ ಜುಂಗಾರಿಯನ್ ಗೋಬಿಯಲ್ಲಿ, ‘ತಖಿನ್ ಶರ್ ನುರೂ’ ಎಂಬ ಬೋಳು ಬೆಟ್ಟಸಾಲಿದೆ. ಶರ್ ಅಂದರೆ ಹಳದಿ. ನುರೂ ಅಂದರೆ ಬೆನ್ನು. ಬೆಟ್ಟಸಾಲಿಗೂ ಅವರಲ್ಲಿ ಅದೇ ಮಾತು. ತಖಿ ಒಂದು ಪ್ರಾಣಿಯ ಹೆಸರು. ಕೂಡಿಸಿ ಹೇಳಿದರೆ ‘ತಖಿಯ ಹಳದಿ ಬೆಟ್ಟಸಾಲು’. ‘ತಖಿನ್’ ಎಂಬಲ್ಲಿ ಕೊನೆಗೆ ಬರುವುದು ಷಷ್ಠೀ ಪ್ರತ್ಯಯ, ನಮ್ಮ ‘ಊರಿನ’, ‘ಕಾಡಿನ’ ಎಂಬಲ್ಲಿ ಬರುವಂಥದ್ದೇ. ಅಷ್ಟರಿಂದಲೇ ಎರಡು ಭಾಷೆಗಳಿಗೆ ನಂಟು ಕಟ್ಟಲು ಬರುವುದಿಲ್ಲ. ಆದರೂ ಕನ್ನಡದ ಕಿವಿಗೆ ಆ ಹೆಸರು ಸಲೀಸಾಗಿ ಇಳಿಯುತ್ತದೆ. ಅಲ್ಲಿನವರ ಬಾಯಲ್ಲಿ ಖಕಾರ ಗಂಟಲಿನ ಉಸಿರಾಗಿ ಹೊರಡುತ್ತದೆ, ಕೊನೆಯ ಇಕಾರ ಕೇಳಿಸಿಯೂ ಕೇಳಿಸದಂತೆ ಕರಗುತ್ತದೆ.

1969ರಲ್ಲಿ ಮಂಗೋಲಿಯಾದ ವಿಜ್ಞಾನಿ ಎನ್. ದೋವ್‌ಚಿನ್ ಈ ಬೆಟ್ಟಸಾಲಿನ ಉತ್ತರಕ್ಕೆ, ಗುನ್ ತಮ್ಗಾ ಎಂಬ ಒರತೆಯ ಬಳಿ, ಒಂದು ಗಂಡು ತಖಿಯನ್ನು ಕಂಡರು. ಆಮೇಲೆ ಬಯಲಿನಲ್ಲಿ ಅದನ್ನು ಖಚಿತವಾಗಿ ಕಂಡವರಿಲ್ಲ. ಜಗತ್ತಿನ ಕೊನೆಯ ಕಾಡುಕುದುರೆ ಕಾಡಿನಿಂದ ಅಳಿಯಿತು ಎಂದು ವಿಜ್ಞಾನ ಬರೆದುಕೊಂಡಿತು. 1992ರವರೆಗೆ ಆ ನೆಲದಲ್ಲಿ ತಖಿ ಇರಲಿಲ್ಲ, ಬೆಟ್ಟಕ್ಕೆ ಮಾತ್ರ ಅದರ ಹೆಸರು ಇದ್ದೇ ಇತ್ತು. ಪ್ರಾಣಿ ಹೋದ ಮೇಲೂ ಪದ ನೆಲ ಬಿಟ್ಟು ಹೋಗಲಿಲ್ಲ. ಆ ಪದದ ಜಾಡು ಹಿಡಿದರೆ ಪ್ರಾಣಿಯ ಕಥೆಯೂ ಜೊತೆಗೇ ಸಿಗುತ್ತದೆ.

ಕುದುರೆಯ ವಿಷಯದಲ್ಲಿ ಮಂಗೋಲಿಯನ್ ಭಾಷೆ ಬಲು ಶ್ರೀಮಂತ. ಹಿಂಡನ್ನು ಒಟ್ಟಾಗಿ ಹೇಳುವಾಗ ‘ಅದೂ’, ಏರಿ ಹೋಗುವುದು ‘ಮೊರಿ’, ಬೀಜದ ಗಂಡು ‘ಅಜರ್ಗ’, ಹೆಣ್ಣು ‘ಗೂ’, ಆ ವರ್ಷದ ಮರಿ ‘ಉನಗ’, ವರ್ಷ ದಾಟಿದ್ದು ‘ದಾಗ’. ಬಣ್ಣ ಹಿಡಿದು ಕರೆಯುವ ಪದಗಳಂತೂ ನೂರಾರು. ತಖಿ ಮಾತ್ರ ಈ ಪಟ್ಟಿಯಲ್ಲಿ ಎಲ್ಲೂ ಸೇರುವುದಿಲ್ಲ. ಅದು ಕುದುರೆಯ ವಯಸ್ಸಲ್ಲ, ಬಣ್ಣವಲ್ಲ, ಕೆಲಸವಲ್ಲ. ತೋಳಕ್ಕೆ, ಒಂಟೆಗೆ, ಜಿಂಕೆಗೆ ಒಂದೊಂದು ಹೆಸರು ಇರುವ ಹಾಗೆ ಅದಕ್ಕೂ ಒಂದು ಬಿಡಿ ಹೆಸರು. ಹುಟ್ಟಿದಂದಿನಿಂದ ಕುದುರೆಯ ಜೊತೆ ಬಾಳಿದ ಜನ, ಹೊರನೋಟಕ್ಕೆ ಕುದುರೆಯೇ ಆಗಿ ಕಾಣುವ ಈ ಪ್ರಾಣಿಯನ್ನು ಕುದುರೆ ಎಂದು ಕರೆಯಲಿಲ್ಲ.

ಯುರೋಪಿನ ಭಾಷೆಗಳು ಹಾಗೆ ಮಾಡಲಾರದೆ ಹೋದವು. ಜರ್ಮನ್ನರೂ ರಷ್ಯನ್ನರೂ ಇಂಗ್ಲಿಷರೂ ‘ಕಾಡು’ ಮತ್ತು ‘ಕುದುರೆ’ ಎಂಬ ಅರ್ಥದ ಎರಡು ಪದಗಳನ್ನು ಜೋಡಿಸಿಯೇ ಇದನ್ನು ಹೇಳಬೇಕಾಯಿತು. ವ್ಯತ್ಯಾಸ ಏನೆಂದು ನಮ್ಮ ಮಲೆನಾಡಿನವರಿಗೆ ಬೇಗ ತಿಳಿಯುತ್ತದೆ. ಅಡಿಕೆ ತೋಟಕ್ಕೆ ನುಗ್ಗಿದ್ದನ್ನು ಅವರು ‘ಕಾಟಿ’ ಅನ್ನುತ್ತಾರೆ, ಅಷ್ಟೇ. ‘ಕಾಡೆಮ್ಮೆ’, ‘ಕಾಡುಕೋಣ’ ಎನ್ನುವುದು ಅದನ್ನು ದೂರದಿಂದ ಬಲ್ಲವರ ಮಾತು. ಕಾಡೆಮ್ಮೆ ಎಂದೊಡನೆ ಕೊಟ್ಟಿಗೆಯ ಎಮ್ಮೆಯೇ ತಪ್ಪಿಸಿಕೊಂಡು ಕಾಡು ಸೇರಿತೇನೋ ಎಂಬ ಭಾವ ಬರುತ್ತದೆ, ಪ್ರಾಣಿಗೆ ಎಮ್ಮೆಯ ನಂಟು ತಪ್ಪುವುದೇ ಇಲ್ಲ. ಕಾಟಿ ಅಂದರೆ ಕಾಟಿ. ತಖಿ ಅಂದರೆ ತಖಿ. ಬಹುಕಾಲದ ಮೇಲೆ ವಿಜ್ಞಾನಿಗಳು ವರ್ಣತಂತುಗಳನ್ನು ಎಣಿಸಿದಾಗ ಸಾಕುಕುದುರೆಗೆ 64, ತಖಿಗೆ 66 ಎಂದು ಗೊತ್ತಾಯಿತು. ಎರಡೂ ಕೂಡಿದರೆ 65 ವರ್ಣತಂತುಗಳ ಮರಿ ಹುಟ್ಟುತ್ತದೆ, ಆ ಮರಿಗೆ ಮುಂದೆ ಸಂತಾನವೂ ಆಗುತ್ತದೆ. ಹತ್ತಿರದ ಬಂಧು, ಆದರೆ ಬೇರೆ. ಮೇಯಿಸುವವರ ಭಾಷೆ ಈ ಬೇರೆತನವನ್ನು ಎಣಿಕೆಯ ಹಂಗಿಲ್ಲದೆ ಹಿಡಿದಿಟ್ಟಿತ್ತು.

ತಖಿ ಎಂದರೆ ‘ಪೂಜ್ಯ’ ಎಂದು ಹೇಳುವ ವಾಡಿಕೆ ಇದೆ. ಮಂಗೋಲಿಯನ್ನಿನಲ್ಲಿ ‘ತಖಿಖ್’ ಎಂದರೆ ಪೂಜಿಸು, ಎಡೆಯಿಡು. ‘ತಖಿಲ್’ ಎಂದರೆ ನೈವೇದ್ಯ. ಮೇಲಿನಿಂದ ಕೆಳಕ್ಕೆ ಬರೆಯುವ ಅವರ ಹಳೆಯ ಲಿಪಿಯಲ್ಲಿ ಪ್ರಾಣಿಯ ಹೆಸರನ್ನೂ ಈ ಧಾತುವನ್ನೂ ‘ತಕಿ’ ಎಂದೇ ಬರೆಯುತ್ತಾರೆ. ಇಷ್ಟು ಸಿಕ್ಕಿದರೆ ವ್ಯುತ್ಪತ್ತಿ ಸಿಕ್ಕಿತೆಂದು ಹಿಗ್ಗುವುದು ಸಹಜ. ಆದರೆ ಸದ್ದು ಕೂಡಿದ ಮಾತ್ರಕ್ಕೆ ಬೇರು ಕೂಡುವುದಿಲ್ಲ. ಬೆಂದ ಕಾಳಿನ ಕಥೆಯಿಂದ ಬೆಂಗಳೂರನ್ನು ಹುಟ್ಟಿಸಿದ ನಮಗೆ, ಆ ಕಥೆಗಿಂತ ಹಳೆಯದಾದ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂದೇ ಇರುವುದನ್ನು ಕಂಡ ನಮಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಖಿಯನ್ನು ಜನ ಬೇಟೆಯಾಡಿದ್ದೂ ಉಂಟು, ತಿಂದದ್ದೂ ಉಂಟು. ಆದ್ದರಿಂದ ‘ಪೂಜ್ಯ’ ಎನ್ನುವುದನ್ನು ಪದದ ಹುಟ್ಟಾಗಿ ನಾನು ಒಪ್ಪುವುದಿಲ್ಲ. ಪದಕ್ಕೆ ಜನ ಆಮೇಲೆ ಕೊಟ್ಟ ಗೌರವವಾಗಿ ಒಪ್ಪುತ್ತೇನೆ. ಆ ಗೌರವ ಪೊಳ್ಳಲ್ಲ. ಪೂಜೆಯ ಮಾತಿನ ಮಗ್ಗುಲಲ್ಲೇ ಕೇಳಿಸುವ ಹೆಸರು ಎಂಬ ಕಾರಣಕ್ಕೂ ಇಂದಿನ ಮಂಗೋಲಿಯನ್ನರಿಗೆ ಈ ಪ್ರಾಣಿಯ ಮೇಲೆ ತಮ್ಮದೆಂಬ ಅಭಿಮಾನ ಬಲಿತಿದೆ.

ಹಳೆಯ ಗ್ರಂಥಗಳಲ್ಲಿ ಈ ಪ್ರಾಣಿಯನ್ನು ಹುಡುಕುವವರು ಒಂದು ಕಡೆ ಎಡವುತ್ತಾರೆ. 13ನೆಯ ಶತಮಾನದ ‘ಮಂಗೋಲರ ಗುಪ್ತ ಇತಿಹಾಸ’ದಲ್ಲಿ ಒಂದು ಪ್ರಸಂಗ ಬರುತ್ತದೆ. ಟಂಗುತರ ಮೇಲೆ ದಂಡೆತ್ತಿ ಹೋಗುವ ದಾರಿಯಲ್ಲಿ, 1226ರ ಹೊತ್ತಿಗೆ, ಚೆಂಗೀಸ್ ಖಾನ್ ಬೇಟೆಗಿಳಿದಿದ್ದಾನೆ. ಹಿಂಡೊಂದು ಪಕ್ಕದಲ್ಲೇ ನುಗ್ಗಿ ಹೋಗುತ್ತದೆ, ಅವನ ಕುದುರೆ ಬೆದರುತ್ತದೆ, ಖಾನ್ ಕೆಳಗೆ ಬಿದ್ದು ನೋವು ತಿನ್ನುತ್ತಾನೆ. ಮರುವರ್ಷವೇ ಅವನ ಸಾವು. ಅಲ್ಲಿ ನುಗ್ಗಿದ ಹಿಂಡು ಕಾಡುಕುದುರೆಗಳದೆಂದು ಕೆಲವು ಅನುವಾದಗಳು ಹೇಳುತ್ತವೆ, ತಖಿಯ ಕುರಿತ ಬರಹಗಳು ಅದನ್ನೇ ಹೆಮ್ಮೆಯಿಂದ ಎತ್ತಿ ಆಡುತ್ತವೆ. ಮೂಲದಲ್ಲಿರುವುದು ಬೇರೆ ಪದ: ‘ಖುಲನ್’. ಅದು ಗೋಬಿಯ ಕಾಡುಕತ್ತೆ. ಖಾನನ ಹೆಂಡತಿಯೊಬ್ಬಳ ಹೆಸರೂ ಖುಲನ್ ಎಂದೇ ಇತ್ತು, ಅಂದರೆ ಆ ಜನಕ್ಕೆ ಆ ಪ್ರಾಣಿ ಅಷ್ಟು ಚೆಲುವಾಗಿ ಕಂಡಿತ್ತು. ಎರಡು ಪ್ರಾಣಿಗಳೂ ಒಂದೇ ಬಯಲಿನಲ್ಲಿ ಮೇಯುತ್ತಿದ್ದರೂ ಮಂಗೋಲಿಯನ್ ಭಾಷೆ ಅವನ್ನು ಒಮ್ಮೆಯೂ ಬೆರೆಸಲಿಲ್ಲ. ಬೆರೆಸಿದ್ದು ‘ಕಾಡು’ ಎಂಬ ಒಂದೇ ವಿಶೇಷಣದಿಂದ ಎಲ್ಲವನ್ನೂ ಹೇಳಹೊರಟ ಭಾಷೆಗಳು. ಭಾರತದ ಓದುಗರಿಗೆ ಖುಲನ್ ದೂರದ್ದೇನಲ್ಲ. ಕಛ್‌ನ ಚಿಕ್ಕ ರಣದಲ್ಲಿ ಉಪ್ಪಿನ ಮಡಿಗಳ ನಡುವೆ ಓಡಾಡುವ ಕಾಡುಕತ್ತೆ ಅದೇ ಜಾತಿಯ ಇನ್ನೊಂದು ಕವಲು. ಗುಜರಾತಿಗಳು ಅದನ್ನು ‘ಘುಡ್‌ಖರ್’ ಅನ್ನುತ್ತಾರೆ: ಮೊದಲರ್ಧ ಕುದುರೆ, ಉಳಿದರ್ಧ ಕತ್ತೆ. ‘ಖರ’ ನಮಗೂ ಸಂಸ್ಕೃತದಿಂದ ಗೊತ್ತಿರುವ ಪದವೇ.

ಪಶ್ಚಿಮದವರು ತಖಿಯನ್ನು ಕಂಡದ್ದು, ಮರೆತದ್ದು, ಮತ್ತೆ ಕಂಡದ್ದು ಹಲವು ಬಾರಿ. 15ನೆಯ ಶತಮಾನದಲ್ಲಿ ಸೆರೆಯಾಳಾಗಿ ಮಧ್ಯ ಏಷ್ಯಾ ಸುತ್ತಿದ ಬವೇರಿಯಾದ ಯೋಹಾನ್ ಶಿಲ್ಟ್‌ಬರ್ಗರ್ ಅಲ್ಲಿಯ ಕಾಡುಕುದುರೆಗಳ ಬಗ್ಗೆ ಬರೆದ. ರಷ್ಯದ ಪೀಟರ್ ದೊರೆಯ ರಾಯಭಾರದ ಜೊತೆ ಪೀಕಿಂಗಿಗೆ ಹೋದ ಸ್ಕಾಟ್ ವೈದ್ಯ ಜಾನ್ ಬೆಲ್‌ನ ಪ್ರವಾಸಕಥನ 1763ರಲ್ಲಿ ಅಚ್ಚಾಯಿತು, ಅದರಲ್ಲೂ ಅವುಗಳ ಮಾತಿದೆ. ಆದರೆ ಹೆಸರು ಅಂಟಿದ್ದು ಇವರಿಬ್ಬರದೂ ಅಲ್ಲ. ರಷ್ಯದ ಸೇನಾಧಿಕಾರಿ, ಅನ್ವೇಷಕ ನಿಕೊಲಾಯ್ ಪ್ರ್‌ಝೆವಾಲ್ಸ್ಕಿಗೆ ಗಡಿಯ ಝೈಸಾನ್ ಠಾಣ್ಯದಲ್ಲಿ ಒಂದು ತಲೆಬುರುಡೆಯೂ ಚರ್ಮವೂ ಕಾಣಿಕೆಯಾಗಿ ಬಂದವು. ಅವನ್ನು ಸೇಂಟ್ ಪೀಟರ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿ ಪರಿಶೀಲಿಸಿದ ಐ. ಎಸ್. ಪೋಲ್ಯಾಕೋವ್ 1881ರಲ್ಲಿ ‘ಈಕ್ವಸ್ ಪ್ರ್‌ಝೆವಾಲ್ಸ್ಕಿ’ ಎಂದು ನಾಮಕರಣ ಮಾಡಿದರು. ಸಾವಿರಾರು ವರ್ಷ ಹುಲ್ಲು ಮೇಯ್ದ ಪ್ರಾಣಿ ಒಂದು ಚರ್ಮ, ಒಂದು ಬುರುಡೆಯ ಬಲದ ಮೇಲೆ ಒಬ್ಬ ಮನುಷ್ಯನ ಮನೆಹೆಸರನ್ನು ಹೊತ್ತುಕೊಂಡಿತು.

ಆ ಮನೆಹೆಸರಿಗೂ ತನ್ನದೇ ಕಥೆಯಿದೆ. ಅದು ಪೋಲೆಂಡಿನ ಕಡೆಯದು, ಲ್ಯಾಟಿನ್ನಿನಲ್ಲಿ ಪೋಲಿಷ್ ಕಾಗುಣಿತದಲ್ಲೇ ಉಳಿದಿದೆ. ಪೋಲಿಷರ ಬಾಯಲ್ಲಿ ‘ಪ್ಶೆವಾಲ್ಸ್ಕಿ’, ರಷ್ಯನ್ನರ ಬಾಯಲ್ಲಿ ‘ಪ್ರ್‌ಝೆವಾಲ್ಸ್ಕಿ’, ಇಂಗ್ಲಿಷರಲ್ಲಿ ಒಬ್ಬೊಬ್ಬರದು ಒಂದೊಂದು. ಮೃಗಾಲಯಗಳಲ್ಲಿ ದಿನವೂ ಅದಕ್ಕೆ ಹುಲ್ಲು ಹಾಕುವವರು ಬೇಸತ್ತು ‘ಪಿ-ಹಾರ್ಸ್’ ಎಂದು ಮೊಟಕು ಮಾಡಿಕೊಂಡರು. ಪ್ರ್‌ಝೆವಾಲ್ಸ್ಕಿಯ ಸಾಹಸವನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ನಾಲಗೆಗೆ ಒಗ್ಗದ ಹೆಸರು ಜನರ ನೆನಪಿಗೂ ಒಗ್ಗುವುದಿಲ್ಲ. ಉಳಿಸಬೇಕಾದ ಪ್ರಾಣಿಗೆ ಇದು ಸಣ್ಣ ನಷ್ಟವಲ್ಲ.

ಹೆಸರಿಟ್ಟ ಇಪ್ಪತ್ತೇ ವರ್ಷಕ್ಕೆ ಹಿಡಿಯುವವರು ಬಂದರು. ದೊಡ್ಡ ತಖಿ ಕೈಗೆ ಸಿಗುವುದಿಲ್ಲ, ಆದ್ದರಿಂದ ಹಿಂಡನ್ನು ಅಟ್ಟಿ ಹಿಂದುಳಿದ ಮರಿಗಳನ್ನು ಹಿಡಿದರು. ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1901ರಲ್ಲಿ 28 ಮರಿಗಳನ್ನು ಯುರೋಪಿಗೆ ತರಿಸಿದ. ಉಕ್ರೇನಿನ ಅಸ್ಕಾನಿಯಾ ನೋವಾದಲ್ಲಿ ಫಾಲ್ಟ್ಸ್-ಫೈನ್ ಎಂಬ ಜಮೀನ್ದಾರ ತನ್ನ ಹುಲ್ಲುಗಾವಲಿನಲ್ಲಿ ಕೆಲವನ್ನು ಸಾಕಿದ. ವಂಶಾವಳಿಯ ಪುಸ್ತಕದಲ್ಲಿ ಈ ಮೊದಲ ಪ್ರಾಣಿಗಳಿಗೆ ಸಿಕ್ಕ ಹೆಸರುಗಳನ್ನು ನೋಡಿದರೆ ಮನಸ್ಸು ಕಲಕುತ್ತದೆ: ಬೀಸ್ಕ್ 1, ಬೀಸ್ಕ್ ಎ, ಬೀಸ್ಕ್ ಬಿ, ಕೋಬ್ಡೋ. ಬೀಸ್ಕ್ ಸೈಬೀರಿಯಾದ ಪೇಟೆ, ಕೋಬ್ಡೋ ಮಂಗೋಲಿಯಾದ ಊರು. ಸಾಮಾನಿನ ಮೇಲೆ ಬರೆದಂತೆ, ಎಲ್ಲಿಂದ ರವಾನೆಯಾಯಿತೋ ಆ ಊರೇ ಪ್ರಾಣಿಯ ಹೆಸರಾಯಿತು. ಅವುಗಳಲ್ಲಿ ಹತ್ತು ಹನ್ನೆರಡರ ವಂಶವಷ್ಟೇ ಮುಂದುವರಿಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಇಡೀ ಜಗತ್ತಿನಲ್ಲಿ ಸೆರೆಯಲ್ಲಿ ಉಳಿದದ್ದು 31. ಮರಿ ಹಾಕುತ್ತಿದ್ದ ಹಿಂಡುಗಳು ಮ್ಯೂನಿಕ್ ಮತ್ತು ಪ್ರಾಗ್ ಮೃಗಾಲಯಗಳಲ್ಲಿ ಮಾತ್ರ.

1947ರಲ್ಲಿ ಬಯಲಿನಲ್ಲಿ ಹಿಡಿದ ಒಂದು ಹೆಣ್ಣುಮರಿ ಹತ್ತು ವರ್ಷದ ಮೇಲೆ ಅಸ್ಕಾನಿಯಾ ನೋವಾಕ್ಕೆ ಬಂತು. ಅದಕ್ಕೆ ಇಟ್ಟ ಹೆಸರು ಒರ್ಲಿತ್ಸಾ, ಮೂರನೆಯದು. ರಷ್ಯನ್ನಿನಲ್ಲಿ ಹೆಣ್ಣು ಹದ್ದು. ಕಾಡಿನಿಂದ ಬಂದು ವಂಶಕ್ಕೆ ಹೊಸ ರಕ್ತ ಕೊಟ್ಟ ಕೊನೆಯ ತಾಯಿ ಅವಳೇ. 1959ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಎರ್ನಾ ಮೋರ್ ಅಲ್ಲಲ್ಲಿ ಚದುರಿದ್ದ ಪ್ರತಿಯೊಂದು ಪ್ರಾಣಿಯ ತಾಯಿ, ತಂದೆ, ಹುಟ್ಟು, ಸಾವುಗಳನ್ನು ಕಲೆಹಾಕಿ ಪ್ರಕಟಿಸಿದರು. ಆಗಿನಿಂದ ಆ ದಾಖಲೆಯನ್ನು ಪ್ರಾಗ್ ಮೃಗಾಲಯ ಕಾಯ್ದುಕೊಂಡು ಬಂದಿದೆ. ಯಾವ ಗಂಡಿಗೆ ಯಾವ ಹೆಣ್ಣು, ಯಾವುದು ಯಾವುದಕ್ಕೆ ರಕ್ತಸಂಬಂಧಿ ಎಂದು ನೋಡಿ ಕೂಡಿಸಲು ಅದೊಂದೇ ದಾರಿ. ಇಂದು ಜಗತ್ತಿನಲ್ಲಿ ಸುಮಾರು ಎರಡು ಸಾವಿರ ತಖಿಗಳಿವೆಯೆಂದರೆ ಆ ಬರವಣಿಗೆಯ ಋಣ ದೊಡ್ಡದು.

ಮರಳಿ ಹೋದದ್ದು 1992ರಲ್ಲಿ. ನೆದರ್‌ಲ್ಯಾಂಡ್ಸಿನ ಯಾನ್ ಮತ್ತು ಇಂಗೆ ಬೌಮನ್ ದಂಪತಿ ಮೃಗಾಲಯದ ಪ್ರಾಣಿಗಳನ್ನು ಮೊದಲು ವಿಶಾಲ ಹುಲ್ಲುಬಯಲುಗಳಲ್ಲಿ ಬಿಟ್ಟು, ಗುಂಪಾಗಿ ಬಾಳಲು ಕಲಿಸಿ, ಆಮೇಲೆ ಮಂಗೋಲಿಯಾಕ್ಕೆ ಕಳಿಸುವ ಕೆಲಸಕ್ಕೆ 1977ರಿಂದಲೇ ತೊಡಗಿದ್ದರು. ಒಂದು ತಂಡ ರಾಜಧಾನಿ ಉಲಾನ್‌ಬಾತರದಿಂದ ನೂರು ಕಿ.ಮೀ. ಪಶ್ಚಿಮಕ್ಕಿರುವ ಹುಸ್ತೈಗೆ ಬಂತು. ಭೂರ್ಜವೃಕ್ಷಗಳಿರುವ ಬೆಟ್ಟಸಾಲು ಎಂದು ಆ ಹೆಸರಿನ ಅರ್ಥ. ಇನ್ನೊಂದು ತಂಡ ಇಳಿದದ್ದು ಗೋಬಿಯ ಅಂಚಿನ ತಖಿನ್ ತಾಲ್‌ನಲ್ಲಿ. ತಾಲ್ ಅಂದರೆ ಬಯಲು, ಅಂದರೆ ಅದು ‘ತಖಿಯ ಬಯಲು’. ಕೊನೆಯದಾಗಿ ಕಂಡುಬಂದ ಸೀಮೆಗೇ ಪ್ರಾಣಿ ಹಿಂತಿರುಗಿತು.

ಹತ್ತಿರದಿಂದ ನೋಡಿದರೆ ತಖಿ ಕುಳ್ಳು, ಗಟ್ಟಿಮುಟ್ಟು, ಸುಮಾರು ಮುನ್ನೂರು ಕಿಲೋ ತೂಕ. ಮೈ ಒಣಹುಲ್ಲಿನ ಬಣ್ಣ, ಹೊಟ್ಟೆಯ ಕಡೆ ತಿಳಿ; ಮೂತಿ ಹಿಟ್ಟಿನಲ್ಲಿ ಅದ್ದಿದಂತೆ ಬೆಳ್ಳಗೆ. ಬೆನ್ನಿನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಒಂದು ಕಪ್ಪು ಗೆರೆ, ಕಾಲುಗಳ ಮೇಲೆ ಮಾಸಿದ ಪಟ್ಟೆಗಳು. ಜೂಲು ಕುತ್ತಿಗೆಯ ಪಕ್ಕಕ್ಕೆ ಬೀಳದೆ ಬುರುಸಿನಂತೆ ನೆಟ್ಟಗೆ ನಿಂತಿರುತ್ತದೆ, ಹಣೆಯ ಮೇಲೆ ಕೂದಲಿನ ಕುಚ್ಚು ಇಲ್ಲ. ಸಾಕುಕುದುರೆಯ ಜೂಲು ಬೆಳೆಯುತ್ತಲೇ ಹೋಗುತ್ತದೆ. ತಖಿಯ ಜೂಲು ವರ್ಷಕ್ಕೊಮ್ಮೆ ಉದುರಿ ಹೊಸದಾಗಿ ಬರುತ್ತದೆ. ಹುಸ್ತೈಯಲ್ಲಿ ಬೇಸಿಗೆಯ ಹಗಲು ನೊಣಗಳ ಕಾಟ ತಪ್ಪಿಸಿಕೊಳ್ಳಲು ಅವು ಗಾಳಿ ಬೀಸುವ ದಿಬ್ಬಗಳನ್ನು ಏರುತ್ತವೆ, ಸಂಜೆ ನೀರಿಗೆ ಇಳಿಯುತ್ತವೆ.

ಮೃಗಾಲಯದಿಂದ ಬಂದ ಪ್ರಾಣಿಗೆ ತವರಿನ ನೆಲವೂ ಹೊಸದೇ. ತಖಿನ್ ತಾಲ್‌ನಲ್ಲಿ ಮೊದಲ ವರ್ಷಗಳಲ್ಲಿ ಹಲವು ಸತ್ತದ್ದು ಉಣ್ಣೆಗಳಿಂದ ಹರಡುವ ರೋಗಕ್ಕೆ. ಅಲ್ಲಿಯೇ ಹುಟ್ಟಿದ ಕುದುರೆಗೆ ಆ ರೋಗ ತಡೆಯುವ ಶಕ್ತಿ ಎಳವೆಯಲ್ಲೇ ಬರುತ್ತದೆ. ಪ್ರಾಗಿನಲ್ಲಿ ಹುಟ್ಟಿದ್ದಕ್ಕೆ ಎಲ್ಲಿಂದ ಬರಬೇಕು? ಆದ್ದರಿಂದ ಬೇಲಿಯೊಳಗೆ ಇಟ್ಟು ಒಗ್ಗಿಸಿ ಆಮೇಲೆ ಬಿಡುವ ಕ್ರಮ. ಹುಸ್ತೈಯಲ್ಲಿ 1994ರಲ್ಲಿ, ತಖಿನ್ ತಾಲ್‌ನಲ್ಲಿ 1997ರಲ್ಲಿ ಮೊದಲ ಗುಂಪುಗಳು ಬೇಲಿ ದಾಟಿದವು. ತೋಳಗಳು ಮರಿಗಳನ್ನು ಒಯ್ದವು. ಅದಕ್ಕಿಂತ ದೊಡ್ಡ ಶತ್ರುವಿಗೆ ಮಂಗೋಲಿಯನ್ನಿನಲ್ಲಿ ‘ಜುದ್’ ಎಂಬ ಪದವಿದೆ, ಜಾನುವಾರು ಸಾಯುವ ಚಳಿಗಾಲ. ಹಿಮ ಹುಲ್ಲನ್ನು ಮುಚ್ಚಿದರೆ ‘ಬಿಳಿ ಜುದ್’. ಹಿಮವೇ ಬೀಳದೆ ಕುಡಿಯಲು ಇಲ್ಲವಾದರೆ ‘ಕರಿ ಜುದ್’. 2009-10ರ ಬಿಳಿ ಜುದ್‌ನಲ್ಲಿ ಗೋಬಿಯ ತಖಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅದೇ ಚಳಿಯಲ್ಲಿ ಖುಲನ್‌ಗಳು ಹೆಚ್ಚಾಗಿ ಉಳಿದವು, ಏಕೆಂದರೆ ಅವು ಹಿಮ ಕಡಿಮೆಯಿದ್ದ ಕಡೆಗೆ ದೂರ ದೂರ ಸರಿದವು. ತಖಿಗಳು ತಾವು ಬಲ್ಲ ಜಾಗ ಬಿಟ್ಟು ಕದಲಲಿಲ್ಲ. ದಾರಿ ತೋರಿಸಲು ಹಳೆಯ ತಲೆಮಾರು ಇರಲಿಲ್ಲ. ಆಮೇಲೆ ಪ್ರಾಗಿನಿಂದ ಮತ್ತೆ ಮತ್ತೆ ಹೆಣ್ಣುಗಳನ್ನು ಸೇನಾ ವಿಮಾನದಲ್ಲಿ ಸಾಗಿಸಿ ಹಿಂಡನ್ನು ತುಂಬಿದರು. ಅಂತರರಾಷ್ಟ್ರೀಯ ಕೆಂಪುಪಟ್ಟಿ ‘ಕಾಡಿನಿಂದ ಅಳಿದದ್ದು’ ಎಂಬ ಮಾತನ್ನು 2008ರಲ್ಲಿ ‘ತೀವ್ರ ಅಪಾಯದಲ್ಲಿರುವುದು’ ಎಂದೂ 2011ರಲ್ಲಿ ‘ಅಪಾಯದಲ್ಲಿರುವುದು’ ಎಂದೂ ತಿದ್ದಿತು. ಅಪಾಯದಲ್ಲಿದೆ ಎಂಬ ಸುದ್ದಿಗೆ ಸಂತೋಷಪಡುವ ಸಂದರ್ಭ ಅಪರೂಪ, ಇದು ಅಂಥದ್ದು.

ಕನ್ನಡದಲ್ಲಿ ಇದನ್ನು ಹೇಳುವಾಗ ‘ಕಾಡುಕುದುರೆ’ ಎಂದೇ ನಾವು ಬರೆಯುತ್ತೇವೆ. ಮರವೇ ಇಲ್ಲದ ಬಯಲಿನ ಪ್ರಾಣಿಗೆ ‘ಕಾಡು’ ಎನ್ನಬಹುದೇ? ನಮ್ಮ ‘ಕಾಡು’ ಬರಿಯ ಮರಗಳ ಗುಂಪಲ್ಲ, ‘ನಾಡು’ ಅಲ್ಲದ್ದು. ಸುಡುಗಾಡಿನಲ್ಲೂ ಕಾಡಿದೆ, ಅಲ್ಲಿ ಮರ ಇರಲೇಬೇಕೆಂದಿಲ್ಲ. ಆದ್ದರಿಂದ ಮೊದಲ ಪದ ನಿಲ್ಲುತ್ತದೆ. ತೊಡಕು ಎರಡನೆಯದರಲ್ಲಿ. ತಮಿಳಿನ ‘ಕುದಿರೈ’, ಮಲಯಾಳದ ‘ಕುದಿರ’, ತುಳುವಿನ ‘ಕುದುರೆ’ ಎಲ್ಲ ಒಂದೇ ಬಳಗ. ಜಿಗಿ ಎಂಬ ಅರ್ಥದ ತಮಿಳಿನ ‘ಕುದಿ’ಯಿಂದ ಅದನ್ನು ಬಿಡಿಸುವವರಿದ್ದಾರೆ. ಪ್ರಾಚೀನ ಎಲಾಮಿನ ಭಾಷೆಯಲ್ಲಿ ‘ಹೊರುವವ’ ಎಂಬ ಅರ್ಥದ ‘ಕುತಿರ’ಕ್ಕೆ ಜೋಡಿಸಿದ ವಿದ್ವಾಂಸರೂ ಇದ್ದಾರೆ. ಯಾವುದೇ ಇರಲಿ, ದಕ್ಷಿಣಕ್ಕೆ ಕುದುರೆ ಬಂದದ್ದು ಕಡಿವಾಣದ ಜೊತೆ, ಬಹಳಷ್ಟು ಹಡಗಿನಲ್ಲಿ. ನಮ್ಮ ಕಾವ್ಯಗಳ ‘ತೇಜಿ’ಯೂ ಅರಬ್ಬೀ ಕುದುರೆ ಎಂಬ ಅರ್ಥದ ಪಾರಸಿಯ ‘ತಾಜಿ’. ಸವಾರನಿಲ್ಲದ, ಯಾರ ಲಾಯಕ್ಕೂ ಸೇರದ ಕುದುರೆ ಕನ್ನಡದಲ್ಲಿ ಒಂದೇ ಒಂದು, ಅದು ಬಿಸಿಲುಗುದುರೆ. ಸಂಸ್ಕೃತ ಬಿಸಿಲಿನ ಹೊಳಪಿನಲ್ಲಿ ಜಿಂಕೆಯ ಬಾಯಾರಿಕೆಯನ್ನು ಕಂಡಿತು; ಕನ್ನಡ ಓಡುವ ಕುದುರೆಯನ್ನು ಕಂಡಿತು. ಕಾಡುಕುದುರೆಯನ್ನೇ ನೋಡದ ಭಾಷೆ ಬಯಲಿನ ತುದಿಯಲ್ಲಿ ಅದನ್ನು ಊಹಿಸಿಕೊಂಡಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

‘ಕಾಡು’ ಎಂಬ ವಿಶೇಷಣದ ಮೇಲೆ ಈಚೆಗೆ ದೊಡ್ಡ ಚರ್ಚೆಯೇ ನಡೆಯಿತು. ಉತ್ತರ ಕಜಾಕ್‌ಸ್ತಾನದ ಬೊತಾಯ್‌ನಲ್ಲಿ ಸುಮಾರು 5500 ವರ್ಷ ಹಿಂದಿನ ಜನರ ನೆಲೆಯಿದೆ, ತುಂಬ ಕುದುರೆಯ ಎಲುಬು. ಅವರು ಕುದುರೆ ಸಾಕಿದ್ದರು, ಹಾಲು ಕರೆಯುತ್ತಿದ್ದರು ಎಂದು 2009ರ ಸಂಶೋಧನೆ ಹೇಳಿತು. 2018ರಲ್ಲಿ ಎಲುಬಿನ ಡಿಎನ್‌ಎ ಓದಿದಾಗ, ಇಂದಿನ ಸಾಕುಕುದುರೆಗಳು ಬೊತಾಯ್ ಸಂತತಿಯಲ್ಲ, ತಖಿಯೇ ಆ ಸಂತತಿ ಎಂದು ಕಂಡಿತು. ಹಾಗಾದರೆ ತಖಿ ಒಮ್ಮೆ ಸಾಕಿದ್ದು, ತಪ್ಪಿಸಿಕೊಂಡು ಹೋದದ್ದೇ? ಕಾಡುಕುದುರೆ ಎಂಬುದೇ ಸುಳ್ಳೇ? 2021ರಲ್ಲಿ ಇನ್ನಿಬ್ಬರು ಸಂಶೋಧಕರು, ಬೊತಾಯ್‌ನ ಹಲ್ಲುಗಳ ಮೇಲಿನ ಗುರುತು ಕಡಿವಾಣದ್ದಲ್ಲ, ಅವು ಬೇಟೆಯಾಡಿದ ಕಾಡುಪ್ರಾಣಿಗಳಿರಬಹುದು ಎಂದು ವಾದಿಸಿದರು. ವಾದ ಇನ್ನೂ ಮುಗಿದಿಲ್ಲ. ‘ಕಾಡು’ ಮತ್ತು ‘ಕುದುರೆ’ ಸೇರಿಸಿ ಹೆಸರಿಟ್ಟವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಅವರ ಹೆಸರೇ ಒಂದು ಪ್ರತಿಪಾದನೆ. ತಖಿ ಎಂಬ ಹೆಸರಿಗೆ ಇದರಿಂದ ಏನೂ ಆಗುವುದಿಲ್ಲ. ಅದು ಕಾಡು ಎಂದೂ ಹೇಳಲಿಲ್ಲ, ಕುದುರೆ ಎಂದೂ ಹೇಳಲಿಲ್ಲ. ಬಯಲಿನಲ್ಲಿ ಇಂಥದ್ದೊಂದು ಇದೆ ಎಂದಷ್ಟೇ ಹೇಳಿತು.

ಅದೇ ಕಜಾಕ್‌ಸ್ತಾನಕ್ಕೆ 2024ರ ಜೂನ್‌ನಲ್ಲಿ ಪ್ರಾಗ್ ಮತ್ತು ಬರ್ಲಿನ್‌ಗಳಿಂದ ಏಳು ತಖಿಗಳು ವಿಮಾನದಲ್ಲಿ ಬಂದಿಳಿದವು. ಪೆಟ್ಟಿಗೆಯಲ್ಲಿ ದಾರಿಯುದ್ದಕ್ಕೂ ನಿಂತೇ ಇರಬೇಕು, ಕೂತರೆ ಜೀವಕ್ಕೇ ಅಪಾಯ. ಹೊರಡುವ ಮೊದಲೇ ಕೂತುಬಿಟ್ಟ ಎಂಟನೆಯದನ್ನು ಹಿಂದಕ್ಕೆ ಕಳಿಸಬೇಕಾಯಿತು. ಅಲ್ಲಿನ ಅರ್ಕಾಲಿಕ್ ಊರಿನಿಂದ ಅವು ‘ಅಲ್ತಿನ್ ದಾಲಾ’, ಅಂದರೆ ‘ಚಿನ್ನದ ಬಯಲು’ ಎಂಬ ಸೀಮೆಗೆ ಹೋದವು. ಕೆಲವು ವರ್ಷಗಳಲ್ಲಿ ನಲವತ್ತರಷ್ಟನ್ನು ತರುವ ಯೋಜನೆ ಇದೆ. ಕಜಾಕ್ ಭಾಷೆಯಲ್ಲಿ ಇದಕ್ಕೆ ಬೇರೆಯೇ ಹೆಸರು, ‘ಕೆರ್‌ತಗಿ’: ಕೆರ್ ಎಂದರೆ ಕಂದುಬಣ್ಣ, ತಗಿ ಎಂದರೆ ಪಳಗದ್ದು. ಸುಮಾರು ಇನ್ನೂರು ವರ್ಷ ಆ ಬಯಲಿನಲ್ಲಿ ಪ್ರಾಣಿಯಿರಲಿಲ್ಲ, ಪದವಿತ್ತು. ಈಗ ಅದನ್ನು ಮತ್ತೆ ಬಳಸುತ್ತಿದ್ದಾರೆ. ನಮ್ಮ ಪತ್ರಿಕೆಗಳೂ ಉಚ್ಚರಿಸಲಾಗದ ಆ ಮನೆಹೆಸರನ್ನು ಆವರಣದೊಳಗೆ ಕೂರಿಸಿ, ಮಂಗೋಲಿಯಾದ ಹಿಂಡಿನ ಸುದ್ದಿ ಬಂದಾಗ ತಖಿ ಎಂದೂ ಕಜಾಕರ ಹಿಂಡಿನ ಸುದ್ದಿ ಬಂದಾಗ ಕೆರ್‌ತಗಿ ಎಂದೂ ಬರೆದರೆ, ಓದುಗರಿಗೆ ಎರಡೂ ಹೆಸರು ಒಂದೇ ವಾರದಲ್ಲಿ ರೂಢಿಯಾಗುತ್ತವೆ.